ಕುಂಕುಮದ ಕೆಳಗಿನ ಸೀರಿಯಲ್ ನಂಬರು

ಹಳೆಯ ಡೆಸ್ಕ್‌ಟಾಪಿಗೆ ನೆನಪು ಎರಡು ಬಗೆಯದು. ಬ್ಯಾಟರಿ ಇರುವ ತನಕ ಉಳಿಯುವುದು ಒಂದು, ಬ್ಯಾಟರಿಯ ಹಂಗಿಲ್ಲದ್ದು ಇನ್ನೊಂದು. ತಾರೀಖು, ಗಂಟೆ ಮೊದಲನೆಯದರಲ್ಲಿ. ತಾನು ಯಾರೆಂಬುದು ಎರಡನೆಯದರಲ್ಲಿ.

*

ನಮ್ಮೂರ ವಾಚನಾಲಯದ ಕಂಪ್ಯೂಟರನ್ನು ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ತನ್ನ ದೂರು ಬರೆದು ನಿಂತುಬಿಡುತ್ತಿತ್ತು: ಉತ್ಪನ್ನದ ಹೆಸರಿಲ್ಲ, ಸೀರಿಯಲ್ ನಂಬರಿಲ್ಲ, ಮಾದರಿಯ ಸಂಖ್ಯೆಯಿಲ್ಲ, ಮುಂದೆ ಹೋಗಬೇಕಾದರೆ ಎಫ್1 ಒತ್ತಿ. ಅಟೆಂಡರು ಎರಡು ವರ್ಷ ಒತ್ತಿದರು. "ಬಾಗ್ಲು ತೆಗೆದ ತಕ್ಷಣ ಇದಕ್ಕೊಂದು ಎಫ್1 ಕೊಟ್‌ಬಿಟ್ರೆ ಸಾಯಂಕಾಲದವರೆಗೂ ತಂಟೆ ಇಲ್ಲ ಸಾರ್" ಎಂದು ರಿಪೇರಿಗೆ ಹೋದ ನನಗೇ ಸಮಾಧಾನ ಹೇಳಿದರು. ದಿನಾ ಒಂದೇ ಹೊತ್ತಿಗೆ ಬರುವ ನೋವನ್ನು ಯಾರೂ ಕಾಯಿಲೆ ಅನ್ನುವುದಿಲ್ಲ.

*

ಹೆಸರು ಕಳೆದರೆ ಎಲ್ಲರೂ ಮೊದಲು ಬೈಯುವುದು ಬ್ಯಾಟರಿಯನ್ನು. ಇಲ್ಲೂ ಮೂರು ಸಲ ಬದಲಾಯಿಸಿದ್ದರಂತೆ. ಪಾಪ, ಆ ಸಿಆರ್ 2032 ಬಿಲ್ಲೆ ಕಾಯುವುದು ಗಡಿಯಾರವನ್ನು ಮತ್ತು ಒಂದಷ್ಟು ಸೆಟ್ಟಿಂಗನ್ನು, ಹೆಸರನ್ನಲ್ಲ. ತಮಾಷೆಯೆಂದರೆ ಇಡೀ ಪೆಟ್ಟಿಗೆಯಲ್ಲಿ ತನ್ನ ಹೆಸರನ್ನು ಎಂದೂ ಕಳೆದುಕೊಳ್ಳಲಾರದ ವಸ್ತು ಅದೊಂದೇ. 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಅಳತೆಯೇ ಹೆಸರಾದವನಿಗೆ ಗುರುತಿನ ಚೀಟಿ ಬೇಡ.

*

ಯಂತ್ರಕ್ಕೆ ತನ್ನ ಹೆಸರು ಗೊತ್ತಿರುವುದಿಲ್ಲ. ಯಾರೋ ಬರೆದಿಟ್ಟದ್ದನ್ನು ಓದಿ ಹೇಳುತ್ತದೆ, ಅಷ್ಟೆ. ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸಿ, ಅದೇ ನಂಬರನ್ನು ಚಿಪ್ಪಿಗೆ ಬರೆದು, ಬೀಗ ಹಾಕಿ ಕಳಿಸುತ್ತಾರೆ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಉಸುರುವ ಹಾಗೆ. ಮಗು ಮುಂದೆ ಓಗೊಡಲು ಕಲಿಯುತ್ತದೆ. ಯಂತ್ರ ಕೇಳಿದಾಗ ಒಪ್ಪಿಸುವುದನ್ನು ಬಿಟ್ಟು ಬೇರೇನೂ ಕಲಿಯುವುದಿಲ್ಲ.

*

ಯಂತ್ರವನ್ನು ಎಬ್ಬಿಸುವ ಬಯೋಸ್ ತಂತ್ರಾಂಶವೂ ಈ ಹೆಸರೂ ಇರುವ ಫ್ಲ್ಯಾಶ್ ಚಿಪ್ಪಿಗೆ ಎಂಟೇ ಕಾಲು, ಕಡಲೆಬೇಳೆಗಿಂತ ಅಷ್ಟೇನೂ ದೊಡ್ಡದಲ್ಲ. ಅದು ಖಾಲಿಯಿದ್ದಾಗ ಅದರೊಳಗೆ ಸೊನ್ನೆಗಳಿರುತ್ತವೆ ಎಂದು ನಾನು ಬಹಳ ದಿನ ನಂಬಿದ್ದೆ. ಇಲ್ಲ, ಎಲ್ಲ ಒಂದುಗಳೇ. ಬರೆಯುವುದೆಂದರೆ ಬೇಕಾದ ಕಡೆ ಒಂದನ್ನು ಸೊನ್ನೆ ಮಾಡುವುದು. ಸೊನ್ನೆಯನ್ನು ಮಾತ್ರ ಬಿಡಿಬಿಡಿಯಾಗಿ ಮತ್ತೆ ಒಂದು ಮಾಡಲಾಗದು. ಹಾಗೆ ಮಾಡಬೇಕಾದರೆ ಸಾಮಾನ್ಯವಾಗಿ 4096 ಬೈಟುಗಳ ಇಡೀ ತುಂಡನ್ನೇ ಒಟ್ಟಿಗೆ ಅಳಿಸಬೇಕು. ಶಾಸನ ಕೊರೆಯುವವನ ಪಾಡೂ ಇದೇ ಇದ್ದಿರಬೇಕು. ಉಳಿ ಕಲ್ಲನ್ನು ತೆಗೆಯಬಲ್ಲದು, ಹಾಕಲಾರದು. ಒಂದು ಅಕ್ಷರ ತಪ್ಪಿದರೆ ಇಡೀ ಮುಖವನ್ನು ಉಜ್ಜಬೇಕು.

*

ಯಂತ್ರ ತನ್ನ ಗುರುತನ್ನು ಹೇಗೆ ಹೇಳಿಕೊಳ್ಳಬೇಕೆಂಬ ಎಸ್‌ಎಂಬಯೋಸ್ ನಿಯಮಾವಳಿಯಲ್ಲಿ ಒಂದು ಸೊಗಸಾದ ಭೇದವಿದೆ. ಯಂತ್ರದ 16 ಬೈಟುಗಳ ಗುರುತು, ಅಂದರೆ ಯುಯುಐಡಿ, ಪೂರ್ತಿ ಸೊನ್ನೆಯಾಗಿದ್ದರೆ ಗುರುತು ಇಲ್ಲ ಎಂದರ್ಥ. ಪೂರ್ತಿ ಒಂದುಗಳಾಗಿದ್ದರೆ ಸದ್ಯಕ್ಕೆ ಇಲ್ಲ, ಬರೆಯಬಹುದು ಎಂದರ್ಥ. 'ಇಲ್ಲ' ಬೇರೆ, 'ಇನ್ನೂ ಇಲ್ಲ' ಬೇರೆ. ಕೆಲಸ ಕೇಳಿಕೊಂಡು ಆಫೀಸಿನಿಂದ ಆಫೀಸಿಗೆ ಅಲೆದವರಿಗೆ ಈ ಎರಡರ ನಡುವಿನ ದೂರ ಗೊತ್ತು.

*

ಬಿಡಿಭಾಗ ಕೊಂಡು ಜೋಡಿಸಿದ ಎಷ್ಟೋ ಕಂಪ್ಯೂಟರುಗಳು ಹೆಸರು ಕೇಳಿದರೆ 'ಟು ಬಿ ಫಿಲ್ಡ್ ಬೈ ಓಇಎಂ' ಅನ್ನುತ್ತವೆ. ತಯಾರಕರು ತುಂಬತಕ್ಕದ್ದು. ಅರ್ಜಿ ನಮೂನೆಯ ತಳದಲ್ಲಿ 'ಕಛೇರಿ ಉಪಯೋಗಕ್ಕೆ ಮಾತ್ರ' ಎಂಬ ಚೌಕವಿರುತ್ತದಲ್ಲ, ಅದರ ಅಣ್ಣತಮ್ಮ. ಯಾರೂ ತುಂಬಲಿಲ್ಲ. ಹತ್ತು ವರ್ಷ ದುಡಿದು, ಆ ಖಾಲಿ ಚೌಕವನ್ನೇ ಹೆಸರೆಂದು ಹೇಳಿಕೊಂಡು, ಗುಜರಿಗೆ ಹೋಗುತ್ತವೆ.

*

03000200-0400-0500-0006-000700080009. ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಯ ಯಂತ್ರಗಳು ತಮ್ಮ 'ಅನನ್ಯ' ಗುರುತೆಂದು ಇದನ್ನೇ ತೋರಿಸುತ್ತವೆ. ಬೈಟುಗಳನ್ನು ಚಿಪ್ಪಿನಲ್ಲಿ ಕೂತಿರುವ ಕ್ರಮದಲ್ಲಿ, ನಡುವಿನ ಸೊನ್ನೆ ಬಿಟ್ಟು, ಓದಿದರೆ ಗುಟ್ಟು ರಟ್ಟಾಗುತ್ತದೆ: 2, 3, 4, 5, 6, 7, 8, 9. ಯಾರೋ ಜಾಗ ತುಂಬಲು ಮಗ್ಗಿ ಒಪ್ಪಿಸುವ ಹುಡುಗನಂತೆ ಎಣಿಸಿಬಿಟ್ಟಿದ್ದಾರೆ.

ನಗುವ ಮೊದಲು ನಮ್ಮ ಹಿರಿಯರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಬೇಕು. ನಮ್ಮ ಸೋದರಮಾವ ಹುಟ್ಟಿದ್ದು ಜೂನ್ 1. ಅವರ ಪಕ್ಕದಲ್ಲಿ ಕೂರುತ್ತಿದ್ದವರೂ ಜೂನ್ 1, ಹಿಂದಿನ ಬೆಂಚಿನವರೂ ಜೂನ್ 1. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಕೂಡಿಬರಲಿ ಎಂದು ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು. ಮಾವ ಅದೇ ತಾರೀಖಿನ ಲೆಕ್ಕಕ್ಕೆ ನಿವೃತ್ತರಾದರು, ಪಿಂಚಣಿಯನ್ನೂ ಪಡೆದರು. ನಿಜವಾದ ಹುಟ್ಟುಹಬ್ಬ ಕೇಳಿದರೆ "ಅವ್ವ ಹೇಳ್ತಿದ್ಲು, ಆ ವರ್ಷ ರಾಗಿ ಒಕ್ಕಣೆ ಮುಗಿದಿತ್ತಂತೆ" ಅನ್ನುತ್ತಾರೆ.

*

ಒಂದೇ ಹೆಸರಿನ ಇಬ್ಬರು ಒಂದೇ ಬೀದಿಯಲ್ಲಿದ್ದರೆ ಅಂಚೆಯಣ್ಣ ಸುಧಾರಿಸುತ್ತಾನೆ. ನೆಟ್‌ವರ್ಕಿನ ವಿಳಾಸ, ಅಂದರೆ ಮ್ಯಾಕ್ ವಿಳಾಸ, ಒಂದೇ ಆಗಿರುವ ಎರಡು ಯಂತ್ರಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಸ್ವಿಚ್ಚು ಸುಧಾರಿಸುವುದಿಲ್ಲ. ಇವನ ಕಾಗದ ಅವನಿಗೆ, ಅವನದು ಇವನಿಗೆ, ಕೊನೆಗೆ ಇಬ್ಬರಿಗೂ ಇಲ್ಲ. ಬಯೋಸ್ ಕೆಟ್ಟ ಕೆಲವು ಬೋರ್ಡುಗಳು 88:88:88:88:87:88 ಎಂದು ತೊದಲುತ್ತವೆ. ಒಂಟಿಯಾಗಿರುವಷ್ಟು ದಿನ ತೊದಲಿದರೂ ನಡೆಯುತ್ತದೆ.

*

ಹೆಸರು ಹೋಗುವ ದಾರಿ ಮೂರ್ನಾಲ್ಕು. ಬಯೋಸ್ ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗುವುದು. ಮದರ್‌ಬೋರ್ಡು ಬದಲಿಸಿದವರು ಹೊಸದಕ್ಕೆ ನಂಬರು ತುಂಬದೆ ಸ್ಕ್ರೂ ಬಿಗಿದು ಹೋಗುವುದು. ಇನ್ನು ಬೇರೆ ಯಂತ್ರದ ಚಿಪ್ಪಿನಿಂದ ತೆಗೆದ ನಕಲನ್ನು, ಅಂದರೆ ಬಿನ್ ಫೈಲನ್ನು, ಇದರ ಚಿಪ್ಪಿಗೆ ಸುರಿಯುವುದು. ಕೊನೆಯದರಲ್ಲಿ ಹೆಸರು ಹೋಗುವುದಿಲ್ಲ ನಿಜ; ಇನ್ಯಾರದೋ ಬರುತ್ತದೆ. ಒಮ್ಮೆ ನಾನೇ ಹಾಗೆ ಮಾಡಿದ್ದೇನೆ. ಯಂತ್ರ ಲಕ್ಷಣವಾಗಿ ಎದ್ದಿತು, ಒಂದು ದೂರೂ ಹೇಳಲಿಲ್ಲ. ಯಾವುದೋ ಊರಿನ ಯಾವುದೋ ಮೇಜಿನ ಮೇಲಿನ ಯಂತ್ರದ ಸೀರಿಯಲ್ ನಂಬರು ಹೇಳಿಕೊಂಡು ಆರು ತಿಂಗಳು ಕೆಲಸ ಮಾಡಿತು. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ತಪ್ಪು ಹೆಸರು ಬೀಳುವುದಿಲ್ಲ.

*

"ಓಡ್ತಾ ಇದೆಯಲ್ಲ, ಹೆಸರು ಕಟ್ಕೊಂಡು ಏನಾಗಬೇಕು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೆಚ್ಚಿನ ದಿನ ಏನೂ ಆಗಬೇಕಿಲ್ಲ. ಆದರೆ 2012ರ ವಿಂಡೋಸ್ 8ರಿಂದ ಈಚೆಗೆ ಕಂಪನಿ ಯಂತ್ರಗಳ 25 ಅಕ್ಷರಗಳ ವಿಂಡೋಸ್ ಕೀಲಿ ಚಿಪ್ಪಿನೊಳಗೇ ಕೂತಿರುತ್ತದೆ. ಗುರುತಿನ ಜೊತೆ ಅದೂ ಹೋಯಿತೆಂದರೆ ದುಡ್ಡು ಕೊಟ್ಟು ಕೊಂಡ ವಿಂಡೋಸೇ ನಿಮ್ಮನ್ನು ಕಳ್ಳನಂತೆ ನೋಡುತ್ತದೆ. ಆಡಿಟ್ ದಿನ ಸ್ಟಾಕ್ ಪುಸ್ತಕದ ನಂಬರಿಗೂ ಪರದೆಯ ನಂಬರಿಗೂ ತಾಳೆಯಾಗಬೇಕು. ಆಗದಿದ್ದರೆ ಯಂತ್ರ ಕಣ್ಣೆದುರಿಗಿದ್ದರೂ ಕಾಣೆಯಾದದ್ದೇ.

*

ಯಂತ್ರಕ್ಕೊಂದು, ಬೋರ್ಡಿಗೊಂದು, ಪೆಟ್ಟಿಗೆಗೊಂದು: ನಿಯಮಾವಳಿಯಲ್ಲಿ ಮೂರು ಬೇರೆ ಬೇರೆ ಸೀರಿಯಲ್ ನಂಬರಿನ ಖಾನೆಗಳಿವೆ. ಬೋರ್ಡು ಬದಲಾದರೂ ಹೊಸದಕ್ಕೆ ಹಳೆಯ ನಂಬರನ್ನೇ ತುಂಬಬೇಕಾದ್ದರಿಂದ ಯಂತ್ರದ ಹೆಸರು ಬದಲಾಗುವುದಿಲ್ಲ. ಪ್ರೊಸೆಸರ್, ರ‍್ಯಾಮ್, ಡಿಸ್ಕು ಎಲ್ಲ ಬದಲಾದರೂ ಇಲ್ಲ. ಹೆಸರು ಅಂಟಿಕೊಂಡಿರುವುದು ಎಲ್ಲಕ್ಕಿಂತ ಅಗ್ಗದ ತಗಡಿನ ಡಬ್ಬಿಗೆ. ಇದನ್ನು ಮೊದಲ ಸಲ ತಿಳಿದಾಗ ನನಗೆ ಬೇಜಾರಾಗಿತ್ತು. ಈಗ ಸರಿಯೆನಿಸುತ್ತದೆ. ಮನೆತನದ ಹೆಸರೂ ಹಾಗೇ ಉಳಿಯುವುದು, ಒಳಗಿನವರೆಲ್ಲ ಬದಲಾದ ಮೇಲೂ.

*

ವಾಚನಾಲಯದ ಯಂತ್ರದ ಚೀಟಿ ಹುಡುಕಿದೆ. ಪೆಟ್ಟಿಗೆಯ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ದಪ್ಪ ಕುಂಕುಮದ ಕೆಳಗೆ ಇತ್ತು. ಕಪ್ಪು ಪೆಟ್ಟಿಗೆಯಲ್ಲಿ ಬೆಳ್ಳಗಿದ್ದ ಜಾಗ ಅದೊಂದೇ. ಅರಿಶಿನ ಕುಂಕುಮ ಎದ್ದು ಕಾಣುವುದೂ ಅಲ್ಲೇ. ಹಾಗಾಗಿ ವರ್ಷ ವರ್ಷ ಆಯುಧಪೂಜೆಗೆ ಅಲ್ಲೇ ಹಚ್ಚಿದ್ದಾರೆ, ಹಳೆಯದರ ಮೇಲೆ ಹೊಸದು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಅಕ್ಷರವೂ ಕುಂಕುಮದ ಜೊತೆ ಬರುತ್ತಿತ್ತು. ಹತ್ತಿಯಲ್ಲಿ, ಒಣಗಿದ್ದು ಉದುರುವ ಹಾಗೆ, ಮೇಲಿಂದ ಕೆಳಕ್ಕೆ ಮೆಲ್ಲಗೆ ತೀಡಿದೆ. ಕೆಂಪಿನ ಕೆಳಗೆ ಹಳದಿ, ಹಳದಿಯ ಕೆಳಗೆ ಮತ್ತೆ ಕೆಂಪು. ಅಟೆಂಡರು ಮೊಬೈಲಿನ ಟಾರ್ಚ್ ಹಿಡಿದರು. ಹತ್ತು ಅಕ್ಷರಗಳಲ್ಲಿ ಒಂಬತ್ತು ಬಂದವು. ಏಳನೆಯದು ಎಂಟೋ, ಇಂಗ್ಲಿಷಿನ 'ಬಿ'ಯೋ ತಿಳಿಯಲಿಲ್ಲ.

*

ವಾಹನಗಳ 17 ಅಕ್ಷರಗಳ ಗುರುತಿನಲ್ಲಿ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗಲಿಬಿಲಿಯಾಗದಿರಲಿ ಎಂದು. ಮುಂದೊಂದು ದಿನ ಮಸಿ ಹಿಡಿದ ಕೈ, ಮಸುಕುಗಣ್ಣು ಇದನ್ನು ಓದಬೇಕಾದೀತು ಎಂದು ಆ ಮೂರನ್ನು ಬಿಟ್ಟವರಿಗೆ ಹೊಳೆದಿತ್ತು. ನನ್ನ ಅನುಮಾನ ಬಗೆಹರಿಸಿದ್ದು ಹಳೆಯ ಸ್ಟಾಕ್ ಪುಸ್ತಕ. ನೀಲಿ ಶಾಯಿ, ದುಂಡು ಕೈಬರಹ, 8. ಯಂತ್ರದ ಹೆಸರಿಗೆ ಸಾಕ್ಷಿ ಹೇಳಿದ್ದು ಲೈಬ್ರರಿಯನ್ ಒಬ್ಬರ ಅಕ್ಷರ.

*

ಬರೆಯುವ ಮೊದಲು ಓದಿ ಇಟ್ಟುಕೊಳ್ಳಬೇಕು. ಚಿಪ್ಪಿಗೆ ಕ್ಲಿಪ್ ಹಾಕಿ ಒಳಗಿರುವುದನ್ನೆಲ್ಲ ಒಮ್ಮೆ ತೆಗೆಯುವುದು, ಇನ್ನೊಮ್ಮೆ ತೆಗೆಯುವುದು, ಎರಡನ್ನೂ ಹೋಲಿಸುವುದು. ಒಂದೇ ಆಗಿದ್ದರೆ ಮಾತ್ರ ಮುಂದಿನ ಮಾತು. ಕಾಲು ಸರಿಯಾಗಿ ಕಚ್ಚದ ಕ್ಲಿಪ್ಪು ಸುಳ್ಳು ಹೇಳುತ್ತದೆ, ಅದೂ ಸಲಕ್ಕೊಂದು ಸುಳ್ಳು. ಸುಮ್ಮನಿರುವ ಯಂತ್ರವನ್ನು ಕೊಲ್ಲಬೇಕಿದ್ದರೆ ಇನ್ನೂ ಸುಲಭದ ದಾರಿಯಿದೆ: ಚಿಪ್ಪಿಗೆ ಬರೆಯುವ ಅಗ್ಗದ ಕಪ್ಪು ಸಿಎಚ್341ಎ ಪ್ರೋಗ್ರಾಮರ್ ಉಪಕರಣಗಳಲ್ಲಿ ಕೆಲವು 3.3 ವೋಲ್ಟಿನ ಚಿಪ್ಪಿಗೆ 5 ವೋಲ್ಟಿನ ಸಂಕೇತ ಕೊಡುತ್ತವೆ.

*

ಎಷ್ಟೋ ಸಲ ಚಿಪ್ಪಿಗೆ ಕೈ ಹಾಕಬೇಕಾದ್ದೇ ಇಲ್ಲ. ಎಚ್‌ಪಿಯ ಹಳೆಯ ಆಫೀಸ್ ಡೆಸ್ಕ್‌ಟಾಪುಗಳ ಸೆಟಪ್ಪಿನಲ್ಲಿ, ಸೆಕ್ಯುರಿಟಿ ಪುಟದ ಒಳಗೆ, ಗುರುತು ತುಂಬುವ ಜಾಗವಿದೆ. ಸಂಸ್ಥೆಯ ಸ್ವತ್ತಿನ ಸಂಖ್ಯೆಗೆ 18 ಅಕ್ಷರ, ಒಡೆಯನ ಹೆಸರಿಗೆ 80. ಸೀರಿಯಲ್ ನಂಬರು ಮಾತ್ರ ಈಗಿರುವುದು ಸರಿಯಿಲ್ಲದಿದ್ದರಷ್ಟೇ ಬದಲಾಗುತ್ತದೆ. ಕಳೆದುಕೊಂಡವನಿಗೆ ತೆರೆದು, ಇದ್ದವನಿಗೆ ಮುಚ್ಚುವ ಬಾಗಿಲು. ಇಂಥ ಬಾಗಿಲು ಸರ್ಕಾರಿ ಕಛೇರಿಗಳಲ್ಲಿ ನಾನು ಕಂಡಿಲ್ಲ.

*

ಸೀರಿಯಲ್ ನಂಬರನ್ನು ಮರಳಿಸಬಹುದು, ಚೀಟಿಯಿದೆ. ಯುಯುಐಡಿಯನ್ನು ಸಾಮಾನ್ಯವಾಗಿ ಯಾರೂ ಹೊರಗೆ ಅಂಟಿಸುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಅದರ ಬಾಲದ 12 ಅಂಕಿ ನೆಟ್‌ವರ್ಕಿನ ಮ್ಯಾಕ್ ವಿಳಾಸವೇ ಆಗಿರುತ್ತದೆ, ಅಷ್ಟು ಸಿಗಬಹುದು. ಉಳಿದದ್ದು ಹೋದರೆ ಹೋಯಿತು. ಹೊಸದನ್ನು ಹುಟ್ಟಿಸಿ ಬರೆಯಬೇಕು. ಆಗ 'ಸರಿ ಮಾಡಿದೆ' ಅನ್ನಬಾರದು, 'ಹೊಸದು ಹಾಕಿದೆ' ಎಂದು ಪುಸ್ತಕದಲ್ಲಿ ಬರೆದು ತಾರೀಖು ಹಾಕಬೇಕು.

*

ಅಳಿಸಿದ್ದನ್ನು ಬರೆಯುವ ಉಪಕರಣವೂ ಇದ್ದದ್ದನ್ನು ಅಳಿಸುವ ಉಪಕರಣವೂ ಒಂದೇ. ಕದ್ದ ಯಂತ್ರಕ್ಕೆ ಹೊಸ ಹೆಸರು ಕೊಡುವವನೂ ಇದೇ ಕ್ಲಿಪ್ ಹಿಡಿದಿರುತ್ತಾನೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತೀಡಿ ಅಚ್ಚು ತರಲು ಆರ್‌ಟಿಓ ಕಛೇರಿಯಲ್ಲಿ ಹೇಳುವುದು ಸುಮ್ಮನೆ ಅಲ್ಲ. ನಂಬರನ್ನು ಕೇಳಿ ಬರೆದುಕೊಳ್ಳಬಹುದಿತ್ತು; ಲೋಹದ ತಗ್ಗನ್ನೇ ತಾ ಅನ್ನುತ್ತಾರೆ. ಕಂಪ್ಯೂಟರಿಗೆ ಅಂಥ ತಗ್ಗಿಲ್ಲ, ಅಂಟಿಸಿದ ಕಾಗದವಷ್ಟೇ. ಪೆಟ್ಟಿಗೆಯೇ ಇಲ್ಲದೆ ಬರೀ ಬೋರ್ಡು ತಂದು "ಒಂದು ನಂಬರು ಬರೆದುಕೊಡಿ ಸಾರ್" ಅನ್ನುವವರಿಗೆ ನಾನು ಬರೆದುಕೊಡುವುದಿಲ್ಲ.

*

ಲಿನಕ್ಸಿನಲ್ಲಿ ಈ ವಿವರಗಳನ್ನೆಲ್ಲ ಓದಿ ಹೇಳಲು ಡಿಎಂಐಡಿಕೋಡ್ ಎಂಬ ಆದೇಶವಿದೆ. ಅದರ ಕೈಪಿಡಿಯೇ, ದೋಷಗಳ ಪಟ್ಟಿಯಲ್ಲಿ, ಇಲ್ಲಿ ಸಿಗುವ ಮಾಹಿತಿ ಬಹುಪಾಲು ಅರೆಬರೆ ಅಥವಾ ತಪ್ಪು ಎಂದು ಒಪ್ಪಿಕೊಳ್ಳುತ್ತದೆ. ತನ್ನ ಸಾಕ್ಷಿಯನ್ನು ತಾನೇ ಪೂರ್ತಿ ನಂಬದ ಇಂಥ ದಾಖಲೆಯನ್ನು ನಾನು ಹೆಚ್ಚು ನಂಬುತ್ತೇನೆ.

*

ವಾಚನಾಲಯದ ಯಂತ್ರಕ್ಕೆ ನಂಬರು ತುಂಬಿದ ಮರುದಿನ ಬೆಳಿಗ್ಗೆ ಅಟೆಂಡರು ಸ್ವಿಚ್ ಹಾಕಿ, ಎಫ್1ರ ಮೇಲೆ ಬೆರಳಿಟ್ಟು ಕಾದರು. ಪರದೆ ನಿಲ್ಲಲಿಲ್ಲ, ನೇರವಾಗಿ ವಿಂಡೋಸಿಗೆ ಹೋಯಿತು. "ಏನೋ ಮರೆತ ಹಾಗೆ ಆಗುತ್ತೆ ಸಾರ್" ಅಂದರು.

*

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಹಳೆಯ ಡೆಸ್ಕ್‌ಟಾಪಿದ್ದರೆ ಇವತ್ತೇ ಅದರ ಚೀಟಿಯದೊಂದು ಫೋಟೊ ತೆಗೆದಿಡಿ, ನಂಬರನ್ನು ಒಂದು ಪುಸ್ತಕದಲ್ಲಿ ಕೈಯಲ್ಲಿ ಬರೆದಿಡಿ. ಮುಂದಿನ ಆಯುಧಪೂಜೆಗೆ ಕುಂಕುಮವನ್ನು ಪೆಟ್ಟಿಗೆಯ ನೆತ್ತಿಗೆ ಹಚ್ಚಿ.