ಇಂದಿನ ಧಮ್ಮ ಚಿಂತನೆ: ‘ಸಾಕು’ ಎಂದವರು ಯಾರು?



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಬೆಟಗೇರಿಯ ನಮ್ಮ ಉಪಾಸಕರೊಬ್ಬರು ಕೇಳಿದರು: “ಸರ್, ಮಗ ಗೇಮ್ ಆಡಾಕ 300 ಎಂಬಿಪಿಎಸ್ ನೆಟ್ ಬೇಕಂತಾನ್ರಿ. 30ರದ್ದ ಸಾಕು ಅಂದ್ರ, ‘ನಮಗ ಯಾವಾಗ್ಲೂ ಕಮ್ಮೀದ ಯಾಕ?’ ಅಂತಾನ. ಏನ್ ಹೇಳಬೇಕ್ರಿ?”

ಹುಡುಗನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದರ ಹಿಂದೆ ನಮ್ಮ ಚರಿತ್ರೆ ಇದೆ. ನಮ್ಮ ಹಿರಿಯರು ಕುಡಿಯುವ ನೀರಿಗೆ, ಉಡುವ ಬಟ್ಟೆಗೆ, ಕಲಿಯುವ ಅಕ್ಷರಕ್ಕೆ ‘ನಿಮಗೆ ಇಷ್ಟು ಸಾಕು’ ಎಂದು ಅಳತೆ ಹಾಕಿದವರು ಬೇರೆಯವರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದದ್ದು ಆ ಅಳತೆಯನ್ನು ಮುರಿಯಲಿಕ್ಕೆ. 1950ರಲ್ಲಿ ಬುದ್ಧ ಧಮ್ಮದ ಭವಿಷ್ಯದ ಬಗ್ಗೆ ಬರೆದ ಲೇಖನದಲ್ಲಿ, ಧರ್ಮವು ಬಡತನವನ್ನು ಪವಿತ್ರವೆಂದು ಹೊಗಳಬಾರದು ಎಂದೂ ಅವರು ಹೇಳಿದರು. ಆದ್ದರಿಂದ ‘ಸಿಕ್ಕಷ್ಟರಲ್ಲಿ ತೃಪ್ತಿಪಡು’ ಎಂದು ಮಗನ ಬಾಯಿ ಮುಚ್ಚಿಸುವುದು ಧಮ್ಮವಲ್ಲ.

ಹಾಗಾದರೆ 300 ಹಾಕಿಸಿಬಿಡಬೇಕೆ? ಅದಕ್ಕೆ ಮೊದಲು ವಸ್ತುವನ್ನು ಇದ್ದಂತೆ ನೋಡೋಣ. ಕೇಳಿದ ಮಾತನ್ನು ಹಾಗೇ ನಂಬದೆ ಸ್ವತಃ ಪರೀಕ್ಷಿಸಿ ತಿಳಿಯಬೇಕು ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದರು. ಜಾಹೀರಾತು ಕೂಡ ಕೇಳಿದ ಮಾತೇ.

ನೆಟ್ಟಿಗೆ ಎರಡು ಅಳತೆಗಳಿವೆ. ಎಂಬಿಪಿಎಸ್ ಎಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಹರಿಯಬಲ್ಲದು ಎಂಬುದು. ಪಿಂಗ್ ಎಂದರೆ ಒಂದು ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಎಂಬುದು. ಬೆಟಗೇರಿಯಿಂದ ಹುಬ್ಬಳ್ಳಿಗೆ ಒಂದು ಚೀಟಿ ಮುಟ್ಟಿಸಲು ಬೈಕ್ ಸಾಕು. ಲಾರಿ ಹೆಚ್ಚು ಸಾಮಾನು ಒಯ್ಯಬಹುದು, ಆದರೆ ಚೀಟಿಯನ್ನು ಬೇಗ ಮುಟ್ಟಿಸುವುದಿಲ್ಲ. ಆಟ ಕಳಿಸುವುದು ಇಂಥ ಚೀಟಿಗಳನ್ನೇ: ಆಟಗಾರ ಎಲ್ಲಿದ್ದಾನೆ, ಯಾವ ಕಡೆ ತಿರುಗಿದ, ಗುಂಡು ಹಾರಿಸಿದನೇ ಎಂದು. ಅದಕ್ಕೆ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಫೈಬರ್ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಆಟದ ಸರ್ವರ್ 600 ಕಿ.ಮೀ. ದೂರದಲ್ಲಿದ್ದರೆ ತಂತಿಯಲ್ಲಿ ಹೋಗಿಬರಲು 6 ಮಿಲಿಸೆಕೆಂಡ್. 30ರವನಿಗೂ 300ರವನಿಗೂ ಬೆಳಕು ಒಂದೇ ವೇಗದಲ್ಲಿ ಓಡುತ್ತದೆ.

ದೊಡ್ಡ ಪ್ಲಾನಿನಿಂದ ಲಾಭವೇ ಇಲ್ಲ ಎಂದಲ್ಲ. 3 ಜಿಬಿ ಅಪ್‌ಡೇಟ್ ಇಳಿಸಲು 30ರಲ್ಲಿ ಸುಮಾರು 13 ನಿಮಿಷ ಬೇಕು, 300ರಲ್ಲಿ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಮನೆಯಲ್ಲಿ ನಾಲ್ಕಾರು ಮಂದಿ ಒಟ್ಟಿಗೆ ವಿಡಿಯೊ ನೋಡಿದರೆ, ದೊಡ್ಡ ಫೈಲ್ ಕಳಿಸಿದರೆ, ಸಣ್ಣ ಪ್ಲಾನಿನಲ್ಲಿ ದಾರಿ ತುಂಬಿ ಆಟದ ಚೀಟಿಯೂ ಕಾಯಬೇಕಾಗುತ್ತದೆ. ಅಂಥ ಮನೆಗೆ 100 ಬೇಕಾಗಬಹುದು. ಬೇಕಾದದ್ದನ್ನು ಹಾಕಿಸುವುದು ತೃಷ್ಣೆಯಲ್ಲ. ಪಕ್ಕದ ಮನೆಯಲ್ಲಿದೆ ಎಂಬುದಕ್ಕೆ ಹಾಕಿಸುವುದು ತೃಷ್ಣೆ.

ಇನ್ನು ಕೆಲವು ತಂದೆತಾಯಿ ಬೇರೆ ಉಪಾಯ ಹೂಡುತ್ತಾರೆ: ಮಗ ಆಟ ಬಿಡಲಿ ಎಂದು ಗುಟ್ಟಾಗಿ ಕಡಿಮೆ ವೇಗದ ಪ್ಲಾನ್ ಹಾಕಿಸುವುದು. ಲೆಕ್ಕ ನೋಡಿ, ಇದು ಫಲಿಸುವುದೇ ಇಲ್ಲ. ಆಟಕ್ಕೆ 1 ಎಂಬಿಪಿಎಸ್ ಸಾಕಾದರೆ ಆಟ ನಡೆದೇ ನಡೆಯುತ್ತದೆ, ನಿಲ್ಲುವುದು ಅಕ್ಕತಂಗಿಯರ ಆನ್‌ಲೈನ್ ಪಾಠ. ಫಲಿಸಿದರೂ ಅದು ಸಮ್ಯಕ್ ಕರ್ಮವಲ್ಲ, ಮಗನಿಗೆ ಮಾಡಿದ ಮೋಸ. ಮಕ್ಕಳನ್ನು ಕೆಡುಕಿನಿಂದ ತಡೆಯುವುದು ತಂದೆತಾಯಿಯ ಕರ್ತವ್ಯ ಎಂದು ಸಿಗಾಲೋವಾದ ಸುತ್ತ ಹೇಳುತ್ತದೆ. ಚಿಂತೆ ಆಟದ ಹೊತ್ತಿನದಾದರೆ ಹೊತ್ತಿನ ಬಗ್ಗೆಯೇ ಎದುರು ಕೂತು ಮಾತಾಡಬೇಕು. ಹಣ ಕಟ್ಟಿ ಆಡುವ ಆಟವಾದರೆ ಮಾತು ಬೇರೆ. ಜೂಜು ಸಂಪತ್ತಿನ ನಾಶದ ದಾರಿ ಎಂದು ಅದೇ ಸುತ್ತ ಎಚ್ಚರಿಸುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೂ ಮಾಡಿದೆ.

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ನಿಯಮ ಬೇರೆ, ತತ್ತ್ವ ಬೇರೆ ಎಂದು ವಿವರಿಸುತ್ತಾರೆ. ತತ್ತ್ವದಲ್ಲಿ ಮನುಷ್ಯ ವಿಚಾರ ಮಾಡಿ ನಡೆಯಲು ಜಾಗವಿದೆ. ‘ಕಡಿಮೆಯದೇ ಒಳ್ಳೆಯದು’ ಎಂಬುದು ನಿಯಮ. ‘ಅಳತೆ ಅರಿತು ನಡೆ’ ಎಂಬುದು ತತ್ತ್ವ, ಪಾಲಿಯಲ್ಲಿ ಅದಕ್ಕೆ ಮತ್ತಞ್ಞುತಾ ಎನ್ನುತ್ತಾರೆ.

ನನ್ನ ಮಗ ಪಿಯುಸಿ ಓದುತ್ತಾನೆ, ಅವನೂ ಆಡುತ್ತಾನೆ. ಆಟದ ಪರದೆಯ ಮೂಲೆಯಲ್ಲಿ ಕಾಣುವ ಪಿಂಗನ್ನು ಒಂದು ವಾರ ಬರೆದಿಡು ಎಂದೆ. ಒಳಕೋಣೆಯಲ್ಲಿ ಅದು ಏರುತ್ತಿತ್ತು, ರೌಟರ್ ಹತ್ತಿರ ಇಳಿಯುತ್ತಿತ್ತು. ರೌಟರನ್ನು ಪಡಸಾಲೆಗೆ ತಂದಿಟ್ಟ. ನಮ್ಮ ಮನೆಗೆ 30ರದೇ ಸಾಕು ಎಂದು ಅವನೇ ಹೇಳಿದ.

ಆ ಉಪಾಸಕರಿಗೂ ನಾನು ಹೇಳಿದ್ದು ಇಷ್ಟೇ: ಅಳತೆ ಮಾಡುವುದನ್ನು ಹುಡುಗನಿಗೇ ಬಿಡ್ರಿ. ಬೇರೆಯವರು ಹೇಳಿದ ‘ಸಾಕು’ ಅಪಮಾನ. ತಾನೇ ತಿಳಿದು ಹೇಳಿದ ‘ಸಾಕು’ ಸ್ವಾತಂತ್ರ್ಯ.

ಇಂದಿನ ಅಭ್ಯಾಸ: ಇವತ್ತು ಏನನ್ನಾದರೂ ಕೊಳ್ಳುವ ಮೊದಲು, ಇದರ ಅಳತೆಯನ್ನು ನಾನೇ ನೋಡಿದ್ದೇನೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ.

ಜೈ ಭೀಮ್. ನಮೋ ಬುದ್ಧಾಯ.