ಸಿಂಗಾರದ ಋಣ

ಏಕತಾ ಕಪೂರ್ ಅವರ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ' 2000ರಿಂದ 2008ರವರೆಗೆ ಸ್ಟಾರ್ ಪ್ಲಸ್‌ನಲ್ಲಿ ನಡೆಯಿತು; 2025ರಲ್ಲಿ ಮತ್ತೆ ಬಂತು. ಅವರ ಧಾರಾವಾಹಿಗಳ ಗುರುತು ಎಲ್ಲರಿಗೂ ಗೊತ್ತು: ಅರಮನೆಯಂಥ ಮನೆ, ಮಲಗುವಾಗಲೂ ಜರಿಸೀರೆ, ಒಂದು ಮಾತಿಗೆ ಎಲ್ಲರ ಮುಖಕ್ಕೂ ನುಗ್ಗುವ ಕ್ಯಾಮೆರಾ, ಸತ್ತು ತಿರುಗಿ ಬರುವ ಗಂಡ, ಸಹಿಸಿ ಗೆಲ್ಲುವ ಸೊಸೆ. ಕನ್ನಡದ ವಾಹಿನಿಗಳೂ ಈ ಸೊಗಸನ್ನು ಕಲಿತವು.

ಇಷ್ಟೊಂದು ಸಿಂಗಾರ ಸುಳ್ಳಲ್ಲವೇ ಎಂದು ಕೇಳುವುದು ಸುಲಭ. ಆದರೆ ನಮ್ಮ ದೇವರಗುಡ್ಡದಲ್ಲೂ ಸಿಂಗಾರವುಂಟು. ದಸರೆಯ ಹೊತ್ತಿಗೆ ಮಾಲತೇಶನ ಕಾರಣಿಕ. ಗೊರವಯ್ಯ ಕಂಬಳಿಯ ನಿಲುವಂಗಿ ತೊಟ್ಟು ಬಿಲ್ಲೇರುತ್ತಾರೆ, ಒಂದೇ ಸಾಲು ನುಡಿದು ಕೆಳಕ್ಕೆ ಬೀಳುತ್ತಾರೆ. ಆ ವೇಷವನ್ನು ಯಾರೂ ಸುಳ್ಳೆನ್ನುವುದಿಲ್ಲ. ಉಪವಾಸವಿದ್ದು ಅದರ ಋಣ ತೀರಿಸಿರುತ್ತಾರೆ. ಅಲ್ಲಿ ತೂರುವ ಭಂಡಾರ ಉಳ್ಳವರ ಹಣೆಗೂ ಬೀಳುತ್ತದೆ, ಇಲ್ಲದವರ ಹಣೆಗೂ ಬೀಳುತ್ತದೆ.

ಹಾಗಾಗಿ ತಪ್ಪು ಹೊಳಪಿನದಲ್ಲ. ಅದು ಯಾರನ್ನು ಮರೆಸುತ್ತದೆ ಎಂಬುದೇ ಪ್ರಶ್ನೆ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ, ಕೈಯ ಉರಿ ಆರುವ ಮೊದಲೇ ಟೀವಿ ಮುಂದೆ ಕೂರುವ ಹೆಣ್ಣುಮಗಳ ಅರ್ಧ ಗಂಟೆಯ ಸುಖವನ್ನು ನಾನು ಹೀಯಾಳಿಸಲಾರೆ. ಅದು ಅವಳು ದುಡಿದು ಪಡೆದದ್ದು. ಆದರೆ ಅವಳು ಕಣ್ಣು ಕೊಟ್ಟ ಆ ಅರಮನೆಯಲ್ಲಿ, ಕಸ ಗುಡಿಸುವ ಅವಳಂಥವಳಿಗೆ ಒಂದು ಕಥೆಯಾದರೂ ಬೇಡವೇ?