ದೊಡ್ಡಿಯಲ್ಲಿ ಮೊದಲ ಬೆಳಗು

ಸದ್ಭಕ್ತರೇ, ಗೃಹಸ್ಥನೊಬ್ಬನು ಆಡಿನ ದೊಡ್ಡಿಯೊಂದರಲ್ಲಿ ನೆಲಸಿ ದುಡಿಯಲು ಬಂದನೆಂದು ಭಾವಿಸಿರಿ. ಮೊದಲ ಬೆಳಗಿನಲ್ಲಿಯೇ, ಮಿಂದು ವಿಭೂತಿಯನ್ನು ಧರಿಸಿ ಇಷ್ಟಲಿಂಗವನ್ನು ಕರಸ್ಥಲಕ್ಕೆ ತರುವಷ್ಟರಲ್ಲಿ, ಆಡೊಂದರ ನರಳಾಟವು ಅವನಿಗೆ ಕೇಳಿಬರುತ್ತದೆ. ಐದು ತಿಂಗಳ ಗಬ್ಬ ತುಂಬಿ ಅದು ಈಯುತ್ತಿದೆ. ದೊಡ್ಡಿಯಲ್ಲಿ ಬೇರೆ ಯಾರೂ ಇಲ್ಲ. ಈಗ ಪೂಜೆಯೋ, ಆಡೋ?

12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರು ಇಲ್ಲಿ ಸಂದೇಹಕ್ಕೆ ಎಡೆಯಿಟ್ಟಿಲ್ಲ. ಕಾಯಕದಲ್ಲಿ ತೊಡಗಿದವನಿಗೆ ಲಿಂಗಪೂಜೆಯೂ ಹಿಂದಾಗಬೇಕೆಂಬುದು ಅವರ ನಿಲುವು. ಲಿಂಗಯ್ಯನು ಕಾದಾನು, ಮರಿಯ ಉಸಿರು ಕಾಯದು. ಅದರ ಮೂಗುಬಾಯಿಗಳ ಲೋಳೆಯನ್ನು ಒರಸಬೇಕು, ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು, ಗಂಟೆಯೊಳಗಾಗಿ ಗಿಣ್ಣುಹಾಲನ್ನು ಉಣಿಸಬೇಕು. ರೋಗವನ್ನು ತಡೆಯುವ ಬಲವು ಮರಿಗೆ ಆ ಹಾಲಿನಿಂದಲೇ ಬರತಕ್ಕದ್ದು.

ಆದರೆ ಕಾಯಕದ ಹೆಸರು ಹೇಳಿ ಪೂಜೆಯನ್ನು ಬಿಟ್ಟು, ಹರಟೆಯಲ್ಲಿ ಹೊತ್ತು ಕಳೆಯುವವನಿಗೆ ಈ ಮಾತು ಆಸರೆಯಾಗಲಾರದು. ಮರಿಯು ಎದ್ದು ಮೊಲೆಯುಂಡ ಬಳಿಕ ಆ ಗೃಹಸ್ಥನು ಮತ್ತೆ ಮಿಂದು, ತಡವಾದರೂ ಲಿಂಗದ ಮುಂದೆ ಕುಳಿತುಕೊಳ್ಳಲಿ. ಎಷ್ಟು ತೊಳೆದರೂ ಅಂಗೈಯಲ್ಲಿ ಗಿಣ್ಣಿನ ವಾಸನೆ ಉಳಿದೀತು. ಅದಕ್ಕಾಗಿ ಅವನು ಅಳುಕಬೇಕಾಗಿಲ್ಲ. ಮರಿಯನ್ನೆತ್ತಿದ ಆ ಕೈಯೇ ಲಿಂಗಯ್ಯನಿಗೊಪ್ಪುವ ಪೀಠ.